ಸೊಳ್ಳೆಯ ಕಡಿತ ಮತ್ತು ನಮ್ಮ ಉಗುರು

ಮಳೆಗಾಲ ಬಂದಿತೆಂದರೆ ಮುಂಬಯಿಯ ನಮ್ಮ ತರಗತಿಗಳಲ್ಲಿ ಪಾಠದ ದನಿಯೊಡನೆ ಇನ್ನೊಂದು ಸದ್ದೂ ಕೇಳಿಬರುತ್ತದೆ. ಅದು ಉಗುರಿನ ಸದ್ದು. ಚಾಳಿನ ಒಂದೇ ಕೋಣೆಯಲ್ಲಿ ಆರೇಳು ಜನರೊಡನೆ ಮಲಗಿ, ಇರುಳೆಲ್ಲ ಸೊಳ್ಳೆಗಳಿಗೆ ಔತಣವಿಕ್ಕಿ ಬಂದ ಬಾಲಕನು ಹಗಲಿನಲ್ಲಿ ಕಾಲು ಕೆರೆದುಕೊಳ್ಳದೆ ಮತ್ತೇನು ಮಾಡಿಯಾನು? ಅವನನ್ನು ಗದರಿಸುವುದು ಸುಲಭ. ಆದರೆ ಗದರಿಕೆಯಿಂದ ತುರಿಕೆ ನಿಲ್ಲದು. ಅದು ಏಕೆ ಬರುತ್ತದೆ, ಬಂದಾಗ ಏನು ಮಾಡಬೇಕು ಎಂಬುದನ್ನು ಇತಿಹಾಸ ಭೂಗೋಳಗಳಷ್ಟೇ ಶ್ರದ್ಧೆಯಿಂದ ಶಾಲೆಯಲ್ಲಿ ಕಲಿಸಬೇಕೆಂಬುದು ನಮ್ಮ ಅಭಿಪ್ರಾಯ.

ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ. ಮೊಟ್ಟೆಗಳ ಬೆಳವಣಿಗೆಗಾಗಿ ಅದಕ್ಕೆ ರಕ್ತ ಬೇಕು. ಹೀರುವಾಗ ರಕ್ತ ಹೆಪ್ಪುಗಟ್ಟದಂತೆ ತಡೆಯುವ ತನ್ನ ಜೊಲ್ಲನ್ನು ಅದು ನಮ್ಮ ಚರ್ಮದೊಳಗೆ ಬಿಡುತ್ತದೆ. ಈ ಜೊಲ್ಲನ್ನು ಪರಕೀಯವೆಂದು ಗುರುತಿಸಿದ ದೇಹವು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಅಲ್ಲಿ ಸುರಿಸುತ್ತದೆ. ಕಿರಿಯ ರಕ್ತನಾಳಗಳು ಹಿಗ್ಗಿ, ಅವುಗಳಿಂದ ದ್ರವವು ಜಿನುಗಿ ಆ ಸ್ಥಳ ಊದಿಕೊಳ್ಳುತ್ತದೆ. ನರಗಳು ಕೆರಳಿ ತುರಿಕೆಯುಂಟಾಗುತ್ತದೆ. ಎಂದರೆ ಆ ಗುಳ್ಳೆಯು ಸೊಳ್ಳೆ ಮಾಡಿದ ಗಾಯಕ್ಕಿಂತ ಹೆಚ್ಚಾಗಿ ನಮ್ಮ ದೇಹವೇ ಹೂಡಿದ ಕಾಳಗದ ಗುರುತು. ವರ್ಷಗಟ್ಟಲೆ ಕಚ್ಚಿಸಿಕೊಂಡ ಹಿರಿಯರ ದೇಹ ಅನೇಕವೇಳೆ ಈ ಜೊಲ್ಲಿಗೆ ಒಗ್ಗಿಹೋಗಿರುತ್ತದೆ, ಕಿರಿಯರದು ಹಾಗಲ್ಲ. ಒಂದೇ ಚಾಪೆಯ ಮೇಲೆ ಮಲಗಿದ ತಂದೆಗೆ ಚುಕ್ಕೆಯೂ ಇಲ್ಲದೆ ಮಗುವಿಗೆ ಮಾತ್ರ ದೊಡ್ಡ ದದ್ದು ಎದ್ದರೆ ಅದು ಮಗುವಿನ ನಟನೆಯಲ್ಲ.

ಕೆರೆದಾಗ ಕ್ಷಣಕಾಲ ಹಿತವಾಗುವುದು ನಿಜ. ಆದರೆ ಕೆರೆದಷ್ಟೂ ಊತ ಹೆಚ್ಚುತ್ತದೆ, ತುರಿಕೆ ಮರಳುತ್ತದೆ. ಚರ್ಮ ಹರಿದು ಉಗುರಿನ ಕೊಳೆ ಒಳಸೇರಿದರೆ, ಕೆಲವು ದಿನಗಳಲ್ಲಿ ತಾನಾಗಿಯೇ ಅಡಗಬೇಕಾದ ಗುಳ್ಳೆಯು ಕೀವುಗಟ್ಟಿ ವ್ರಣವಾಗುತ್ತದೆ. ಗುಳ್ಳೆಯ ಮೇಲೆ ಉಗುರಿನಿಂದ ಗುಣಾಕಾರ ಚಿಹ್ನೆಯನ್ನೊತ್ತುವ ವಿದ್ಯೆಯಲ್ಲಿ ನಮ್ಮ ಐದನೆಯ ಇಯತ್ತೆಯವರು ನಿಪುಣರು. ಆ ಚಿಹ್ನೆ ಗಣಿತದ ವಹಿಯಲ್ಲಿದ್ದರೇ ಚೆನ್ನ. ಎಂಜಲು ಹಚ್ಚುವುದೂ, ಸುಣ್ಣ ಬಳಿಯುವುದೂ ಬೇಡ. ಸುಣ್ಣವು ಚರ್ಮವನ್ನೇ ಸುಡುತ್ತದೆ.

ಸಾಬೂನು ಹಚ್ಚಿ ನೀರಿನಿಂದ ತೊಳೆಯುವುದು ಮೊದಲ ಉಪಚಾರ. ಬಳಿಕ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 10 ನಿಮಿಷ ಇಡಬೇಕು. ಅದಿಲ್ಲದ ಮನೆಯಲ್ಲಿ ಮಡಕೆಯ ತಣ್ಣೀರಿನಲ್ಲಿ ಅದ್ದಿದ ವಸ್ತ್ರವಾದರೂ ಸರಿ. ತಂಪಿನಿಂದ ರಕ್ತನಾಳಗಳು ಕುಗ್ಗಿ ಊತ ತಗ್ಗುತ್ತದೆ, ನರಗಳೂ ಶಾಂತವಾಗುತ್ತವೆ. ಅಡಿಗೆಯ ಸೋಡಾವನ್ನು ಸ್ವಲ್ಪವೇ ನೀರಿನಲ್ಲಿ ಕಲಸಿ ಲೇಪಿಸಿ, 10 ನಿಮಿಷಗಳ ತರುವಾಯ ತೊಳೆಯಬಹುದು. ಕ್ಯಾಲಮೈನ್ ದ್ರಾವಣವೂ ಒಳ್ಳೆಯದು. ಹಿಸ್ಟಮಿನ್ನನ್ನು ಅಡಗಿಸುವ ಗುಳಿಗೆಗಳಿವೆಯಾದರೂ ಅವು ವೈದ್ಯರ ಮಾತಿಲ್ಲದೆ ಮಕ್ಕಳಿಗಲ್ಲ. ಪ್ರತಿ ಶಾಲೆಯ ಪ್ರಥಮೋಪಚಾರದ ಪೆಟ್ಟಿಗೆಯಲ್ಲಿ ಕ್ಯಾಲಮೈನಿನ ಒಂದು ಸೀಸೆಯೂ ಉಗುರು ಕತ್ತರಿಯೂ ಇರತಕ್ಕದ್ದು. ಇದಕ್ಕೆ ಆಡಳಿತ ಮಂಡಳಿಯ ಠರಾವೇನೂ ಬೇಕಾಗದು.

ಇನ್ನೊಂದು ಮಾತು. ಗುಳ್ಳೆಯ ಗಾತ್ರಕ್ಕೂ ರೋಗಕ್ಕೂ ಸಂಬಂಧವಿಲ್ಲ. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅವರು ಮಲೇರಿಯಾದ ರೋಗಾಣುವನ್ನು ಕಂಡದ್ದು ಸೊಳ್ಳೆಯ ಹೊಟ್ಟೆಯೊಳಗೆ. ನಮ್ಮ ಚರ್ಮದ ಮೇಲಿನ ದದ್ದು ಅದರ ಸುಳಿವು ಕೊಡದು. ತುರಿಕೆ ಅಡಗಿತೆಂದು ನಿಶ್ಚಿಂತರಾಗಿರುವಾಗ ಜ್ವರ ಬಂದರೆ, ಅಥವಾ ಕೆಂಪು ಹರಡಿ ನೋವು ಹೆಚ್ಚಿದರೆ, ಮನೆಮದ್ದನ್ನು ಅಲ್ಲಿಗೇ ಬಿಟ್ಟು ವೈದ್ಯರಲ್ಲಿಗೆ ಹೋಗಬೇಕು. ಜ್ವರವಾದರೆ ರಕ್ತಪರೀಕ್ಷೆಯನ್ನೂ ಮಾಡಿಸಬೇಕು.