ಪೇಟೆಯ ಧಾರಣೆಯೂ ಸುದ್ದಿಯೇ

ನಾಯಿಯು ಮನುಷ್ಯನನ್ನು ಕಚ್ಚಿದರೆ ಸುದ್ದಿಯಲ್ಲ, ಮನುಷ್ಯನು ನಾಯಿಯನ್ನು ಕಚ್ಚಿದರೆ ಸುದ್ದಿ ಎಂಬ ಅಮೇರಿಕದ ಪತ್ರಕರ್ತರ ಮಾತನ್ನು ನಮ್ಮ ತರುಣ ಬಾತ್ಮೀದಾರರು ವೃತ್ತಿಗೆ ಕಾಲಿಡುವ ಮೊದಲೇ ಬಾಯಿಪಾಠ ಮಾಡಿರುತ್ತಾರೆ. ಅಪೂರ್ವವಾದುದು ಕುತೂಹಲವನ್ನು ಕೆರಳಿಸುವುದೆಂಬುದೇನೋ ದಿಟ. ಆದರೆ ಇದೊಂದನ್ನೇ ಒರೆಗಲ್ಲಾಗಿ ಹಿಡಿದ ಪತ್ರಿಕೆಯು, ಕಣ್ಣೆದುರಿನಲ್ಲಿ ದಿನದಿನವೂ ಬೆಳೆಯುವ ಅನರ್ಥವನ್ನು ಕಾಣಲಾರದು. ಇದಕ್ಕೆ 1943ರ ಬಂಗಾಳದ ಕ್ಷಾಮಕ್ಕಿಂತ ಘೋರವಾದ ಸಾಕ್ಷ್ಯವು ಬೇಕಾಗಿಲ್ಲ.

1942ರ ಡಿಸೆಂಬರ್ 11ರಂದು ಬಂಗಾಳದ ಸಗಟು ಪೇಟೆಯಲ್ಲಿ ಮಣ ಅಕ್ಕಿಗೆ 13-14 ರೂಪಾಯಿ ಇದ್ದಿತು. ಮರುವರ್ಷದ ಮಾರ್ಚ್ 12ಕ್ಕೆ ಅದು 21 ಆಯಿತು. ಮೇ 21ರ ಹೊತ್ತಿಗೆ 30ನ್ನು ಮೀರಿತು. ಆಗಸ್ಟ್ 20ಕ್ಕೆ 37ನ್ನು ಮುಟ್ಟಿತು. ಬೇಸಾಯದ ಕೂಲಿಯವನ ದಿನಗೂಲಿಯು ಈ ಏರಿಕೆಯನ್ನು ಹಿಂಬಾಲಿಸಲಿಲ್ಲ. ಭೂಕಂಪವಾಗಲಿಲ್ಲ, ಕೋಟೆ ಬೀಳಲಿಲ್ಲ; ‘ಇಂದು ಕ್ಷಾಮವು ತಲೆದೋರಿತು’ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚುಹಾಕುವಂಥ ದಿನವೊಂದು ಬರಲೇ ಇಲ್ಲ. ಸರ್ಕಾರವು ಕ್ಷಾಮವನ್ನು ವಿಧಿಪೂರ್ವಕವಾಗಿ ಸಾರಲಿಲ್ಲ. ಯುದ್ಧಕಾಲದ ನಿರ್ಬಂಧಗಳು ಪತ್ರಿಕೆಗಳ ಕೈಕಟ್ಟಿದ್ದುವು. ಆದರೂ ಆ ನಾಲ್ಕು ಅಂಕೆಗಳನ್ನು ಒಂದರ ಕೆಳಗೊಂದು ಬರೆದು ನೋಡಿದವನಿಗೆ ಮುಂದಿನದು ಹೊಳೆಯದೆ ಇರಲು ಸಾಧ್ಯವಿರಲಿಲ್ಲ.

ಆಗಸ್ಟ್ 22ರಂದು ಕಲ್ಕತ್ತೆಯ ‘ಸ್ಟೇಟ್ಸ್‌ಮನ್’ ಪತ್ರಿಕೆಯು, ಸಂಪಾದಕ ಇಯಾನ್ ಸ್ಟೀಫನ್ಸರ ನಿರ್ಧಾರದಂತೆ, ಬೀದಿಯಲ್ಲಿ ಹಸಿವಿನಿಂದ ಬಿದ್ದವರ ಛಾಯಾಚಿತ್ರಗಳನ್ನು ಪ್ರಕಟಿಸಿತು. ಆಂಗ್ಲರ ಒಡೆತನದ ಪತ್ರಿಕೆಯೊಂದು ಈ ಕಾರ್ಯವನ್ನು ಮಾಡಿತೆಂದು ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ. ಆ ಚಿತ್ರಗಳಲ್ಲಿದ್ದುದು ಕಲ್ಕತ್ತೆಯ ನಿವಾಸಿಗಳಿಗೆ ಹೊಸದಾಗಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು; ಕಚೇರಿಗೆ ಹೋಗುವಾಗ ಅವರು ಅದನ್ನೇ ದಾಟಿಕೊಂಡು ಹೋಗುತ್ತಿದ್ದರು. ಆದರೆ ದಿಲ್ಲಿಗೂ ಲಂಡನ್ನಿಗೂ ಅದು ಕಣ್ಣಿಗೆ ಬಿದ್ದುದು ಅಚ್ಚಾದ ಮೇಲೆ. ಅಕ್ಟೋಬರಿನಲ್ಲಿ ಹೊಸ ವೈಸರಾಯ್ ವೇವೆಲ್ಲರು ಬಂಗಾಳಕ್ಕೆ ಹೋದರು. ಸೈನ್ಯವು ಪರಿಹಾರಕಾರ್ಯಕ್ಕೆ ಇಳಿಯಿತು. ಅಷ್ಟರಲ್ಲಿ ಕಾಲವು ಮಿಂಚಿಹೋಗಿದ್ದಿತು. ಸತ್ತವರು ಸುಮಾರು 15 ಲಕ್ಷವೆಂದು ವಿಚಾರಣಾ ಮಂಡಲಿಯು ಹೇಳಿತು. ಅನಂತರದ ಕೆಲವು ವಿದ್ವಾಂಸರ ಲೆಕ್ಕವು 30 ಲಕ್ಷಕ್ಕೂ ಹೋಗುತ್ತದೆ.

ಯಾರು, ಎಲ್ಲಿ, ಎಂದು, ಹೇಗೆ ಎಂದು ಕೇಳುವುದನ್ನು ಬಾತ್ಮೀದಾರನಿಗೆ ಕಲಿಸುತ್ತೇವೆ. ಹೋದ ತಿಂಗಳು ಎಷ್ಟಿತ್ತು, ಈಗ ಎಷ್ಟಿದೆ ಎಂದು ಕೇಳಲು ಕಲಿಸುವುದಿಲ್ಲ. ಬಂಗಾಳದಷ್ಟು ದೂರಕ್ಕೆ ಹೋಗುವುದೂ ಬೇಡ. ನಮ್ಮ ಪಾವಗಡದ ಸೀಮೆಯಲ್ಲಿ ಕೊಳವೆ ಬಾವಿಯ ಫ್ಲೋರೈಡ್ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಂದಿದುವು, ಕೀಲುಗಳು ಬಿಗಿದುವು. ಇದು ಯಾವ ದಿನದ ಸುದ್ದಿ? ಯಾವ ದಿನದ್ದೂ ಅಲ್ಲವೆಂದೇ ಅದು ಹಿಂದಿನ ಪುಟಗಳಲ್ಲಿ ಉಳಿಯಿತು. ಕೊಳವೆ ಬಾವಿಯ ಪೂಜೆಗೆ ಹೋದ ಬಾತ್ಮೀದಾರನು ದಯಮಾಡಿಸಿದ ಮಾನ್ಯರ ಹೆಸರುಗಳನ್ನು ಸ್ಥಾನಮಾನ ತಪ್ಪದಂತೆ ಬರೆದುಕೊಂಡು ಬರುತ್ತಾನೆ. ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಆ ನೀರು ಮೀರಿದೆಯೋ ಇಲ್ಲವೋ ಎಂದು ಕೇಳುವುದಿಲ್ಲ.

ಕೇಳಿದರೆ ಹೇಳುವ ಅಧಿಕಾರಿಗಳೂ ವಿರಳವೇ. ನಮ್ಮ ವಾಚಕರಲ್ಲಿ ಅಧಿಕಾರಿಗಳು ಅನೇಕರಿದ್ದಾರೆ. ನೀರಿನ ಪರೀಕ್ಷೆಯ ಅಂಕೆಗಳನ್ನು ಊರೂರಿನಂತೆ, ತಿಂಗಳು ತಿಂಗಳೂ ನಮಗೆ ಕಳುಹಿಸಬೇಕೆಂದು ಅವರನ್ನು ಬೇಡುತ್ತೇವೆ. ಮಾನ್ಯರ ಚಿತ್ರವನ್ನು ಸ್ವಲ್ಪ ಚಿಕ್ಕದು ಮಾಡಿಯಾದರೂ ಅವಕ್ಕೆ ಮೊದಲ ಪುಟದಲ್ಲಿ ಸ್ಥಳ ಮಾಡಿಕೊಡುತ್ತೇವೆ.