ಎಣಿಸಬೇಕಾದದ್ದು ಯಾವುದನ್ನು?



ನಿಮ್ಮ ಊರಿನ ಕನ್ನಡ ಸಂಘವೂ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣಾ ಶಿಬಿರ ನಡೆಸುತ್ತಿರಬಹುದು. ಕುರ್ಚಿ ಹಾಕುವುದು, ಹೆಸರು ಬರೆದುಕೊಳ್ಳುವುದು, ವೈದ್ಯರಿಗೆ ನೆರವಾಗುವುದು ನಿಮ್ಮ ಪಾಲಿಗೆ ಬರುತ್ತದೆ. ‘ಇಷ್ಟು ಮಂದಿ ಪ್ರಯೋಜನ ಪಡೆದರು’ ಎಂಬ ಸಾಲು ವಾರ್ಷಿಕ ವರದಿಯಲ್ಲಿ ಅಚ್ಚಾಗುತ್ತದೆ. ಆದರೆ ಬಂದವರೆಲ್ಲರೂ ಪ್ರಯೋಜನ ಪಡೆದರೇ? ಮದುವೆಮನೆಯಲ್ಲಿ ಎಲೆ ಎಣಿಸಿದರೆ ಪಂಕ್ತಿಗೆ ಕುಳಿತವರ ಲೆಕ್ಕ ಸಿಗುತ್ತದೆ. ಹೊಟ್ಟೆ ತುಂಬಿತೇ ಎಂಬುದು ತಿಳಿಯುವುದಿಲ್ಲ. ಸಾರ್ವಜನಿಕ ಆರೋಗ್ಯ ಕಾರ್ಯಕ್ರಮವನ್ನು ಯೋಜಿಸುವವರು, ಅದರ ಮೌಲ್ಯಮಾಪನ ಮಾಡುವವರು ಮೊದಲು ಕಲಿಯಬೇಕಾದದ್ದು ಇದನ್ನೇ. ನಮ್ಮ ದೇಶ ಇದನ್ನು ಕ್ಷಯರೋಗದ ವಿರುದ್ಧದ ಹೋರಾಟದಲ್ಲಿ ಕಲಿಯಿತು.

ಮೊದಲ ಹೆಜ್ಜೆ, ರೋಗ ಎಲ್ಲಿ, ಎಷ್ಟಿದೆ ಎಂದು ತಿಳಿಯುವುದು. ಕ್ಷಯವೆಂದರೆ ಪಟ್ಟಣದ ರೋಗ ಎಂದು ಬಹುಮಂದಿ ನಂಬಿದ್ದರು. 1955ರಿಂದ 1958ರವರೆಗೆ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆ ಆ ನಂಬಿಕೆಯನ್ನು ಸುಳ್ಳು ಮಾಡಿತು. ಹಳ್ಳಿಗಳಲ್ಲೂ ರೋಗ ಹೆಚ್ಚುಕಡಿಮೆ ಅಷ್ಟೇ ಇತ್ತು.

ಎರಡನೆಯದು, ನಮ್ಮ ಶಕ್ತಿಗೆ ಎಟಕುವ ದಾರಿ ಹುಡುಕುವುದು. ಅಷ್ಟು ರೋಗಿಗಳಿಗೆ ಸ್ಯಾನಿಟೋರಿಯಂಗಳಲ್ಲಿ ಹಾಸಿಗೆ ಒದಗಿಸುವುದು ಆಗದ ಮಾತು. ಮದರಾಸಿನಲ್ಲಿ ನಡೆದು 1959ರಲ್ಲಿ ಪ್ರಕಟವಾದ ಅಧ್ಯಯನವೊಂದು ಉತ್ತರ ಕೊಟ್ಟಿತು: ಇಕ್ಕಟ್ಟಾದ ಮನೆಯಲ್ಲಿದ್ದುಕೊಂಡೇ ಔಷಧಿ ತೆಗೆದುಕೊಂಡ ಬಡ ರೋಗಿಗಳೂ ಸ್ಯಾನಿಟೋರಿಯಂನಲ್ಲಿದ್ದವರಂತೆಯೇ ಗುಣವಾಗಬಲ್ಲರು.

ಮೂರನೆಯದು, ಜನರನ್ನೇ ಕೇಳುವುದು. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ತುಮಕೂರು ಜಿಲ್ಲೆಯ ಹಳ್ಳಿಗಳ ರೋಗಿಗಳನ್ನು ವಿಚಾರಿಸಿದರು. ‘ಹಳ್ಳಿಯವರಿಗೆ ತಿಳಿವಳಿಕೆಯಿಲ್ಲ’ ಎನ್ನುವುದು ಸುಲಭ. ಆದರೆ 1963ರಲ್ಲಿ ಪ್ರಕಟವಾದ ಅವರ ಅಧ್ಯಯನ ಹೇಳಿದ್ದೇ ಬೇರೆ. ಬಹುತೇಕ ರೋಗಿಗಳಿಗೆ ತಮ್ಮ ರೋಗಲಕ್ಷಣಗಳ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಚಿಕಿತ್ಸೆ ಅರಸಿ ಹೋಗಿಯೂ ಇದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಸಾಮಾನ್ಯವಾಗಿ ಕೆಮ್ಮಿನ ಔಷಧಿಯ ಸೀಸೆ! ಕೊರತೆ ಇದ್ದದ್ದು ಜನರಲ್ಲಲ್ಲ, ವ್ಯವಸ್ಥೆಯಲ್ಲಿ. ಕೆಮ್ಮೆಂದು ಸಾಮಾನ್ಯ ಆಸ್ಪತ್ರೆಗೆ ಬಂದವರ ಕಫವನ್ನು ಅಲ್ಲಿಯೇ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬೇಕೆಂಬ ವಿಚಾರಕ್ಕೆ ಇದರಿಂದ ಬಲ ಬಂತು. 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮದ ತಳಹದಿಯಲ್ಲಿದ್ದದ್ದು ಇದೇ ವಿಚಾರ.

ಇಷ್ಟು ಒಳ್ಳೆಯ ಯೋಜನೆಯೂ ಎಡವಿತು. 1992ರಲ್ಲಿ ನಡೆದ ಪರಿಶೀಲನೆಯಲ್ಲಿ, ಚಿಕಿತ್ಸೆ ಆರಂಭಿಸಿದವರಲ್ಲಿ ಅದನ್ನು ಪೂರ್ಣಗೊಳಿಸಿದವರು ಅರ್ಧದಷ್ಟೂ ಇಲ್ಲವೆಂದು ಕಂಡುಬಂತು. ಹಣ ಸಾಲದು, ಔಷಧಿಯ ಪೂರೈಕೆ ಸರಿಯಿಲ್ಲ. ನಾಲ್ಕನೆಯ ಹೆಜ್ಜೆಯಾದ ಮೌಲ್ಯಮಾಪನದ ಬೆಲೆ ಇಲ್ಲಿ ತಿಳಿಯುತ್ತದೆ. 1993ರಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ, 2006ರ ಹೊತ್ತಿಗೆ ಇಡೀ ದೇಶಕ್ಕೆ ಹಬ್ಬಿದ ಪರಿಷ್ಕೃತ ಕಾರ್ಯಕ್ರಮದಲ್ಲಿ ಲೆಕ್ಕದ ರೀತಿಯೇ ಬದಲಾಯಿತು. ಈ ಮೂರು ತಿಂಗಳಲ್ಲಿ ಚಿಕಿತ್ಸೆಗೆ ಸೇರಿದವರಲ್ಲಿ ಗುಣವಾದವರೆಷ್ಟು, ನಡುವೆ ಬಿಟ್ಟವರೆಷ್ಟು, ತೀರಿಕೊಂಡವರೆಷ್ಟು? ದಾಖಲೆಯ ಪ್ರತಿ ಹೆಸರಿನ ಮುಂದೆಯೂ ಒಂದು ಉತ್ತರ ಬರೆಯಲೇಬೇಕು. ಹೀಗಿದ್ದೂ ಕೆಲಸ ಮುಗಿದಿಲ್ಲ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಇಂದಿಗೂ ಭಾರತದಲ್ಲಿದ್ದಾರೆ.

ಈಗ ನಮ್ಮ ಶಿಬಿರದ ಮಾತಿಗೆ ಬರೋಣ. ಮುಂದಿನ ಬಾರಿ ದಿನಾಂಕ ಗೊತ್ತುಮಾಡುವ ಮೊದಲೇ ಒಂದು ನೋಟುಬುಕ್ಕಿನಲ್ಲಿ ಮೂರು ಸಾಲು ಬರೆಯಿರಿ: ಈ ಶಿಬಿರ ಯಾರಿಗಾಗಿ? ಇದರಿಂದ ಅವರ ಬಾಳಿನಲ್ಲಿ ಏನು ಬದಲಾಗಬೇಕು? ಬದಲಾಯಿತೆಂದು ನಮಗೆ ತಿಳಿಯುವುದು ಹೇಗೆ? ರಕ್ತದೊತ್ತಡ ಹೆಚ್ಚಿದೆ, ಆಸ್ಪತ್ರೆಗೆ ಹೋಗಿ ಎಂದು ವೈದ್ಯರು ಹೇಳಿದವರಿಗೆ, ಅವರ ಒಪ್ಪಿಗೆಯಿದ್ದರೆ, ತಿಂಗಳ ನಂತರ ಫೋನ್ ಮಾಡಿ. ಹೋಗಿರದಿದ್ದರೆ ಗದರಬೇಡಿ, ಕಾರಣ ಕೇಳಿ. ರಜೆ ಸಿಗಲಿಲ್ಲವೇ? ಖರ್ಚಿನ ಭಯವೇ? ಭಾಷೆ ಬಾರದೆ ಹಿಂಜರಿದರೇ?

ಕೊನೆಯ ಪ್ರಶ್ನೆ ನಿಮಗೇ ಸೇರಿದ್ದು. ನಾಡಿನಿಂದ ಹೊಟ್ಟೆಪಾಡಿಗಾಗಿ ಹೊಸದಾಗಿ ಬಂದವರಿಗೆ ಇಲ್ಲಿಯ ಮರಾಠಿಯೋ ತಮಿಳೋ ಹಿಂದಿಯೋ ಇನ್ನೂ ಒಲಿದಿರುವುದಿಲ್ಲ. ನಿಮಗೆ ಈ ನೆಲದ ಭಾಷೆಯೂ ಗೊತ್ತು, ಮನೆಯ ಕನ್ನಡವೂ ಗೊತ್ತು. ಆಸ್ಪತ್ರೆಯ ಕಿಟಕಿಯ ಮುಂದೆ ಅವರ ಜೊತೆ ಒಂದು ಗಂಟೆ ನಿಲ್ಲಬಲ್ಲಿರಾದರೆ, ನೋಟುಬುಕ್ಕಿನಲ್ಲಿ ಒಂದು ಹೆಸರಿನ ಮುಂದೆ ನಿಜವಾದ ಉತ್ತರ ಬರೆಯಬಹುದು.