ರೋಗಿ ಗಡಿ ದಾಟಿದಾಗ ಪ್ರಶ್ನೆ ಯಾರದು?

ಸಂಸತ್ತಿನ ಅಧಿವೇಶನ ನಡೆಯುವ ದಿನಗಳಲ್ಲಿ ದೆಹಲಿಯ ಸಚಿವಾಲಯಗಳ ದೀಪಗಳು ತಡವಾಗಿ ಆರುತ್ತವೆ. ಸದಸ್ಯರೊಬ್ಬರು ಹದಿನೈದು ದಿನ ಮುಂಚಿತವಾಗಿ ಸೂಚನೆ ಕೊಟ್ಟ ಪ್ರಶ್ನೆಯೊಂದು ವಿಭಾಗಾಧಿಕಾರಿಯ ಮೇಜಿಗೆ ಬಂದಿರುತ್ತದೆ. ಅಲ್ಲಿ ಸಿದ್ಧವಾದ ಕರಡು ಉತ್ತರವು ಅಧೀನ ಕಾರ್ಯದರ್ಶಿ, ನಿರ್ದೇಶಕ, ಜಂಟಿ ಕಾರ್ಯದರ್ಶಿ ಎಂಬ ಮೆಟ್ಟಿಲುಗಳನ್ನೇರಿ ಸಚಿವರ ಅನುಮೋದನೆಗೆ ತಲುಪುವಷ್ಟರಲ್ಲಿ ಅದರ ಮೂಲೆಮುಡುಕುಗಳೆಲ್ಲ ಸವೆದು ಹೊಳೆಯ ಕಲ್ಲಿನಂತೆ ನುಣುಪಾಗಿರುತ್ತದೆ. ಇಂಥ ಉತ್ತರಗಳನ್ನು ನಾನೂ ಬರೆದಿದ್ದೇನೆ. ಕಿರಿಯರು ಬರೆದುದನ್ನು ತಿದ್ದಿದ್ದೇನೆ. ಸರಕಾರವನ್ನು ಟೀಕಿಸಲು ಸೇವಾ ನಿಯಮಗಳು ನನ್ನಂಥವರಿಗೆ ಅವಕಾಶ ಕೊಡುವುದಿಲ್ಲ. ಆದರೆ ಒಬ್ಬನು ತನ್ನ ಕಸುಬಿನ ಬಗ್ಗೆ ತಾನೇ ಯೋಚಿಸುವುದು ಟೀಕೆಯಾಗಲಾರದೆಂದು ನಂಬಿ ಈ ನಾಲ್ಕು ಮಾತುಗಳನ್ನು ನಮ್ಮ ಹೊರನಾಡ ಬಂಧುಗಳ ಮುಂದಿಡುತ್ತಿದ್ದೇನೆ.

ಬಡವರಿಗೆ ಸರಕಾರಿ ವೈದ್ಯಸೇವೆ ದೊರೆಯುತ್ತಿದೆಯೇ ಎಂದು ಜನಪ್ರತಿನಿಧಿಯೊಬ್ಬರು ಸದನದಲ್ಲಿ ಕೇಳಿದಾಗ ಬರುವ ಉತ್ತರಗಳಲ್ಲಿ ಎರಡು ವಾಕ್ಯಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. 'ಆರೋಗ್ಯವು ರಾಜ್ಯದ ವಿಷಯವಾಗಿರುತ್ತದೆ' ಎಂಬುದು ಒಂದು. 'ಇಂಥ ಮಾಹಿತಿಯನ್ನು ಕೇಂದ್ರದಲ್ಲಿ ಇಟ್ಟಿರುವುದಿಲ್ಲ' ಎಂಬುದು ಇನ್ನೊಂದು. ಎರಡೂ ಸುಳ್ಳಲ್ಲ. ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ ಆರನೆಯ ಬಾಬು ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಆಸ್ಪತ್ರೆ ಹಾಗೂ ಔಷಧಾಲಯಗಳದೇ ಆಗಿದೆ. ಮಾಹಿತಿ ಇಲ್ಲವೆಂದರೆ ನಿಜವಾಗಿಯೂ ಇರುವುದಿಲ್ಲ. ಆದರೆ ಎರಡು ಸತ್ಯವಾಕ್ಯಗಳ ನಡುವಿನ ಸಂದಿಯಲ್ಲಿ ಒಬ್ಬ ರೋಗಿ ಬಿದ್ದುಹೋಗಬಲ್ಲನೆಂಬುದನ್ನು ಅರಿಯಲು ನನಗೆ ಬಹಳ ವರ್ಷಗಳು ಬೇಕಾದವು.

2020ರ ಸೆಪ್ಟೆಂಬರಿನಲ್ಲಿ ನಡೆದ ಅಧಿವೇಶನವನ್ನು ನೆನೆಯೋಣ. ಕೋವಿಡ್ ಕಾರಣದಿಂದ ಆ ಬಾರಿ ಪ್ರಶ್ನೋತ್ತರ ವೇಳೆಯನ್ನೇ ಕೈಬಿಡಲಾಗಿತ್ತು. ಚುಕ್ಕೆ ಗುರುತಿಲ್ಲದ ಪ್ರಶ್ನೆಗಳಿಗೆ ಲಿಖಿತ ಉತ್ತರ ಮಾತ್ರ ದೊರೆಯುತ್ತಿತ್ತು. ಲಾಕ್‌ಡೌನ್ ಕಾಲದಲ್ಲಿ ಊರಿಗೆ ಮರಳುತ್ತ ಎಷ್ಟು ವಲಸೆ ಕಾರ್ಮಿಕರು ಪ್ರಾಣ ಕಳೆದುಕೊಂಡರೆಂಬ ಪ್ರಶ್ನೆಗೆ ಸೆಪ್ಟೆಂಬರ್ 14ರಂದು ಲೋಕಸಭೆಯಲ್ಲಿ ಬಂದ ಉತ್ತರ, ಅಂಥ ಅಂಕಿಅಂಶಗಳನ್ನು ಇಟ್ಟಿಲ್ಲವೆಂಬುದಾಗಿತ್ತು. 1 ಕೋಟಿ 4 ಲಕ್ಷಕ್ಕೂ ಹೆಚ್ಚು ಕಾರ್ಮಿಕರು ತಮ್ಮ ರಾಜ್ಯಗಳಿಗೆ ಹಿಂದಿರುಗಿದರೆಂಬ ಲೆಕ್ಕವನ್ನು ಸರಕಾರವೇ ಕೊಟ್ಟಿತ್ತು. ಹಿಂದಿರುಗಿದವರ ಲೆಕ್ಕವಿತ್ತು, ತಲುಪದೆ ಹೋದವರದು ಇರಲಿಲ್ಲ.

ಮರುವರ್ಷ ಇನ್ನೊಂದು ಉತ್ತರ ಬಂದಿತು. 2021ರ ಜುಲೈ 20ರಂದು ರಾಜ್ಯಸಭೆಯಲ್ಲಿ ಕೆ. ಸಿ. ವೇಣುಗೋಪಾಲ್ ಅವರ ಪ್ರಶ್ನೆಗೆ ಆರೋಗ್ಯ ಖಾತೆಯ ರಾಜ್ಯ ಸಚಿವೆ ಭಾರತಿ ಪ್ರವೀಣ್ ಪವಾರ್ ಅವರು ಲಿಖಿತ ಉತ್ತರವಿತ್ತರು. ಆರೋಗ್ಯವು ರಾಜ್ಯದ ವಿಷಯ. ಆಮ್ಲಜನಕದ ಅಭಾವದಿಂದ ಸಾವು ಸಂಭವಿಸಿತೆಂದು ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಎಂಬುದು ಅದರ ಸಾರ. ಅದೇ ವರ್ಷ ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಮಂದಿ ಕಣ್ಮುಚ್ಚಿದ ಸುದ್ದಿಯನ್ನು ಮರೆತ ಕನ್ನಡಿಗನಿಲ್ಲ. ಹೈಕೋರ್ಟು ನೇಮಿಸಿದ, ನಿವೃತ್ತ ನ್ಯಾಯಮೂರ್ತಿ ಎ. ಎನ್. ವೇಣುಗೋಪಾಲ ಗೌಡರ ಸಮಿತಿಯು ಆಮ್ಲಜನಕದ ಕೊರತೆಯನ್ನೇ ಕಾರಣವೆಂದು ವರದಿ ಮಾಡಿ ಆಗಲೇ ಎರಡು ತಿಂಗಳಾಗಿತ್ತು. ಹಾಗಿದ್ದರೂ ದೆಹಲಿಯ ಉತ್ತರ ಕಡತದ ಮಟ್ಟಿಗೆ ಸರಿಯಾಗಿಯೇ ಇತ್ತು. ರಾಜ್ಯಗಳು ದಿನವೂ ಕಳುಹಿಸುತ್ತಿದ್ದ ವರದಿಯಲ್ಲಿ ಸೋಂಕಿತರು, ಗುಣಮುಖರಾದವರು, ಮೃತರು ಎಂಬ ಅಂಕಣಗಳಿದ್ದವು. ಮೃತರಲ್ಲಿ ಉಸಿರಿಗೆ ಗಾಳಿ ಸಿಗದೆ ಸತ್ತವರು ಎಷ್ಟೆಂದು ಬರೆಯಲು ಅಂಕಣವಿರಲಿಲ್ಲ. ಅಂಕಣವಿಲ್ಲದ ಸಾವು ವರದಿಯಾಗುವುದಿಲ್ಲ. ವರದಿಯಾಗದ ಸಾವಿಗೆ ಸದನದಲ್ಲಿ ಉತ್ತರವಿಲ್ಲ.

ಹಾಗಾದರೆ ಪ್ರಶ್ನೆ ಕೇಳಿದ್ದು ವ್ಯರ್ಥವಾಯಿತೇ? ಇಲ್ಲ. ಆ ಉತ್ತರದಿಂದೆದ್ದ ಕೋಲಾಹಲದ ಬಳಿಕ ಕೇಂದ್ರವು ರಾಜ್ಯಗಳಿಂದ ಆಮ್ಲಜನಕದ ಕೊರತೆಯ ಸಾವುಗಳ ಮಾಹಿತಿಯನ್ನು ಪ್ರತ್ಯೇಕವಾಗಿ ಕೇಳಿತು. ಬಂದ ಮಾಹಿತಿ ಅತ್ಯಲ್ಪ. ಆದರೂ ಇಲ್ಲದಿದ್ದ ಒಂದು ಅಂಕಣ ಹುಟ್ಟಿತು. ಕಾರ್ಮಿಕರ ವಿಷಯದಲ್ಲಿಯೂ ಹಾಗೆಯೇ. ಲೆಕ್ಕವಿಲ್ಲವೆಂಬ ಉತ್ತರ ಬಂದ ವರ್ಷದೊಳಗೆ, ಸುಪ್ರೀಂ ಕೋರ್ಟಿನ ಒತ್ತಾಯವೂ ಸೇರಿ, 2021ರ ಆಗಸ್ಟಿನಲ್ಲಿ ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿ ಆರಂಭವಾಯಿತು. ಶಾಸಕನ ಪ್ರಶ್ನೆಗೆ ಬರುವ ಉತ್ತರಕ್ಕಿಂತ, ಆ ಪ್ರಶ್ನೆ ಕಡತದಲ್ಲಿ ತೆರೆಸುವ ಹೊಸ ಅಂಕಣವೇ ಹೆಚ್ಚು ಬೆಲೆಯುಳ್ಳದ್ದೆಂಬುದು ನನ್ನ ಅನುಭವದ ಮಾತು.

ಇನ್ನು ನಮ್ಮ ವಿಷಯಕ್ಕೆ ಬರುತ್ತೇನೆ. ಹೊರನಾಡಿನಲ್ಲಿರುವ ಕನ್ನಡಿಗನ ಕಾಯಿಲೆಯನ್ನು ಕುರಿತು ಪ್ರಶ್ನೆ ಕೇಳಬೇಕಾದವರು ಯಾರು?

ಕಾಸರಗೋಡಿನ ಉದಾಹರಣೆ ನಮಗೆ ನೋವಿನದು. ಅಲ್ಲಿಯ ಜನ, ಕನ್ನಡಿಗರೂ ಮಲಯಾಳಿಗಳೂ, ಸುಮಾರು 50 ಕಿಲೋಮೀಟರು ದೂರದ ಮಂಗಳೂರಿನ ಆಸ್ಪತ್ರೆಗಳನ್ನು ನೆಚ್ಚಿಕೊಂಡೇ ತಲೆಮಾರುಗಳಿಂದ ಬದುಕಿದವರು. 2020ರ ಮಾರ್ಚ್ ತಿಂಗಳಲ್ಲಿ ಕರ್ನಾಟಕವು ತಲಪಾಡಿಯಲ್ಲಿ ಗಡಿಯನ್ನು ಮುಚ್ಚಿತು. ಒಳದಾರಿಗಳ ಮೇಲೆ ಮಣ್ಣು ಸುರಿಯಲಾಯಿತು. ಚಿಕಿತ್ಸೆಗಾಗಿ ಮಂಗಳೂರಿಗೆ ಹೋಗಲಾಗದೆ ಕೆಲವರು ಅಸುನೀಗಿದರು. ಮಾರ್ಚ್ 23ರಂದೇ ಸಂಸತ್ತಿನ ಅಧಿವೇಶನ ಮುಗಿದುಹೋಗಿದ್ದುದರಿಂದ ಅಲ್ಲಿಯ ಲೋಕಸಭಾ ಸದಸ್ಯ ರಾಜಮೋಹನ್ ಉಣ್ಣಿತ್ತಾನ್ ಅವರಿಗೆ ಪ್ರಶ್ನೆ ಕೇಳಲು ಸದನವೇ ಇರಲಿಲ್ಲ. ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ದಾರಿ ತೆರೆಯಿಸುವಂತೆ ಕೇಂದ್ರಕ್ಕೆ ಆದೇಶಿಸಿತು. ತುರ್ತು ರೋಗಿಗಳನ್ನು ಬಿಡುವ ಒಪ್ಪಂದಕ್ಕೆ ಎರಡೂ ರಾಜ್ಯಗಳು ಬಂದಿವೆಯೆಂದು ಏಪ್ರಿಲ್ 7ರಂದು ಸುಪ್ರೀಂ ಕೋರ್ಟಿಗೆ ತಿಳಿಸಲಾಯಿತು. ಸೋಂಕಿನ ಭಯ ಸುಳ್ಳಾಗಿರಲಿಲ್ಲ. ಆದರೆ ಕಾಸರಗೋಡು ಕನ್ನಡ ನೆಲವೆಂದು ಸಭೆಗಳಲ್ಲಿ ಭಾಷಣ ಮಾಡುತ್ತ ಬಂದ ನಾವು, ಅಲ್ಲಿಯ ರೋಗಿಗೆ ಬಾಗಿಲು ಹಾಕಿದವರು ನಮ್ಮವರೇ ಎಂಬುದನ್ನು ಒಪ್ಪಿಕೊಳ್ಳಬೇಕು.

ಎರಡನೆಯದು ನಾನೇ ಕಂಡದ್ದು. 2019ರಲ್ಲಿ ನಾನು ಪುಣೆಯಲ್ಲಿದ್ದೆ. ಒಂದು ಸಂಜೆ ಕನ್ನಡ ಸಂಘದ ಮಿತ್ರರೊಬ್ಬರು ಫೋನ್ ಮಾಡಿ, ಆಸ್ಪತ್ರೆಯೊಂದಕ್ಕೆ ತುರ್ತಾಗಿ ಬರಬೇಕೆಂದರು. ಯಾದಗಿರಿ ಜಿಲ್ಲೆಯಿಂದ ಬಂದ ಕಟ್ಟಡ ಕೆಲಸಗಾರನೊಬ್ಬ ಸಾರುವೆಯಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದ. ಅವನ ಹೆಂಡತಿ ಪ್ಲಾಸ್ಟಿಕ್ ಚೀಲದಿಂದ ಬಿ.ಪಿ.ಎಲ್. ಕಾರ್ಡನ್ನು ತೆಗೆದು ನನ್ನ ಕೈಗಿತ್ತು, "ಕಾರ್ಡ್ ಅದರೀ ಸಾಹೇಬ್ರ, ಓದಾವ್ರೇ ಇಲ್ರೀ ಇಲ್ಲಿ" ಎಂದಳು. ಕಾರ್ಡಿನಲ್ಲಿದ್ದುದು ಕನ್ನಡ. ನಾನು ಅದನ್ನು ಓದಿ, ನನಗೆ ಬಂದಷ್ಟು ಮರಾಠಿಯಲ್ಲಿ ಬರೆದುಕೊಟ್ಟೆ. ಮೇಜಿನ ಹಿಂದಿದ್ದ ಹುಡುಗ ಸೌಜನ್ಯದಿಂದಲೇ ಕಂಪ್ಯೂಟರಿನಲ್ಲಿ ಹುಡುಕಿದ, ಹೆಸರು ಸಿಗಲಿಲ್ಲ. ಇಲ್ಲಿಯ ರಾಜ್ಯದ ಯೋಜನೆಗೆ ಇಲ್ಲಿಯ ಪಡಿತರ ಚೀಟಿ ಬೇಕು. ಊರಿನ ಚೀಟಿಗೆ ಊರಿನ ಆಸ್ಪತ್ರೆಯೇ ಬೇಕು ಎಂದ. ಆಯುಷ್ಮಾನ್ ಭಾರತ ಯೋಜನೆ 2018ರ ಸೆಪ್ಟೆಂಬರ್ 23ರಂದು ರಾಂಚಿಯಲ್ಲಿ ಉದ್ಘಾಟನೆಯಾಗಿ ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ, ಅದೂ ದೇಶದೊಳಗೆ ಎಲ್ಲಿ ಬೇಕಾದರೂ ಒಯ್ಯಬಹುದಾದ ಹಕ್ಕು, ಎಂಬುದು ಅದರ ಹೆಗ್ಗಳಿಕೆ. ಆದರೆ ಅವನ ಹೆಸರು ಯಾವ ಪಟ್ಟಿಯಲ್ಲಿದೆ, ಯಾವುದರಲ್ಲಿಲ್ಲ, ಏಕಿಲ್ಲ ಎಂದು ಹೇಳಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಮೂರು ದಿನ ಕಳೆದ ಮೇಲೆ ಸಂಘದ ಸದಸ್ಯರು ಹಣ ಕೂಡಿಸಿದರು, ಶಸ್ತ್ರಚಿಕಿತ್ಸೆ ಆಯಿತು. ಆತ ಕುಂಟುತ್ತ ಊರಿಗೆ ಮರಳಿದ.

ಆ ಮೂರು ದಿನಗಳಲ್ಲಿ ನನ್ನ ಜೇಬಿನಲ್ಲಿ ಕೇಂದ್ರ ಸರಕಾರಿ ಆರೋಗ್ಯ ಯೋಜನೆಯ ಕಾರ್ಡಿತ್ತು. 1954ರಲ್ಲಿ ದೆಹಲಿಯಲ್ಲಿ ಆರಂಭವಾದ ಈ ಸೌಲಭ್ಯ ವರ್ಗಾವಣೆಯಾದ ಊರಿಗೆಲ್ಲ ನಮ್ಮನ್ನು ಹಿಂಬಾಲಿಸುತ್ತದೆ. ಬಡವರ ಚಿಕಿತ್ಸೆಯ ಬಗ್ಗೆ ಸದನಕ್ಕೆ ಉತ್ತರ ಬರೆಯುವವರೆಲ್ಲರ ಜೇಬಿನಲ್ಲಿಯೂ ಆ ಕಾರ್ಡಿದೆ. ನಮ್ಮ ಉತ್ತರಗಳು ನುಣುಪಾಗಿರಲು ಅದೂ ಒಂದು ಕಾರಣವಿರಬಹುದು.

ಈಗ ಆ ಕಾರ್ಮಿಕನ ಪರವಾಗಿ ಯಾರು ಕೇಳಬಹುದಿತ್ತೆಂದು ನೋಡೋಣ. ಅವನು ಮತ ಹಾಕುವುದು ಯಾದಗಿರಿಯಲ್ಲಿ. ಅಲ್ಲಿಯ ಶಾಸಕರು ಬೆಂಗಳೂರಿನ ವಿಧಾನಸಭೆಯಲ್ಲಿ ಪುಣೆಯ ಆಸ್ಪತ್ರೆಯ ವಿಚಾರ ಎತ್ತಿದರೆ ಅದು ಕರ್ನಾಟಕ ಸರಕಾರದ ವ್ಯಾಪ್ತಿಯದಲ್ಲ. ಪುಣೆಯ ಶಾಸಕರಿಗೆ ಅವನು ಮತದಾರನಲ್ಲ. ಲೋಕಸಭೆಗೆ ಹೋದರೆ, ಕೇಂದ್ರ ಸರಕಾರಕ್ಕೆ ಮುಖ್ಯವಾಗಿ ಸಂಬಂಧಿಸದ ವಿಷಯವನ್ನು ಕೇಳಬಾರದೆಂಬ ನಿಯಮವಿದೆ. ಹೀಗೆ ಅವನು ಮೂರು ಸದನಗಳಿಗೆ ಸಲ್ಲುವವನಾಗಿಯೂ ಯಾವುದಕ್ಕೂ ಸಲ್ಲದವನಾದ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಇಂಥವರಿಗೆ ಉಚಿತ ವೈದ್ಯಸೌಲಭ್ಯದ ಹೊಣೆಯನ್ನು ಗುತ್ತಿಗೆದಾರನ ಮೇಲೆ ಹೊರಿಸಿತ್ತು. ಅವನ ಗುತ್ತಿಗೆದಾರ ಆ ಸಂಜೆಯೇ ಕಾಣೆಯಾಗಿದ್ದ. 2020ರ ಸಂಹಿತೆಯಲ್ಲಿ ಆ ಕಾಯ್ದೆ ಲೀನಗೊಂಡಿತು.

ನ್ಯಾಯಾಲಯದ ಮಾತು ಇಷ್ಟು ಗೋಜಲಲ್ಲ. 1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದ ಕೃಷಿ ಕಾರ್ಮಿಕನೊಬ್ಬನನ್ನು ಕಲಕತ್ತೆಯ ಸರಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದರಂತೆ ಹಾಸಿಗೆಯಿಲ್ಲವೆಂದು, ಸೌಕರ್ಯವಿಲ್ಲವೆಂದು ತಿರುಗಿಸಿ ಕಳುಹಿಸಿದವು. 1996ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಸಕಾಲದ ಚಿಕಿತ್ಸೆಯನ್ನು ನಿರಾಕರಿಸುವುದು ಸಂವಿಧಾನದ 21ನೆಯ ವಿಧಿ ಕೊಡುವ ಬದುಕುವ ಹಕ್ಕಿನ ಉಲ್ಲಂಘನೆಯೆಂದು ತೀರ್ಪಿತ್ತು 25,000 ರೂಪಾಯಿ ಪರಿಹಾರ ಕೊಡಿಸಿತು. ಹಣವಿಲ್ಲವೆಂಬುದು ರಾಜ್ಯಕ್ಕೆ ನೆಪವಾಗಲಾರದೆಂದೂ ಹೇಳಿತು. ಬದುಕುವ ಹಕ್ಕಿಗೆ ರಾಜ್ಯಪಟ್ಟಿ, ಕೇಂದ್ರಪಟ್ಟಿ ಎಂಬ ಭೇದವಿಲ್ಲ.

ಸದನದ ಪ್ರಶ್ನೋತ್ತರ ಬರಿಯ ನಾಟಕವೆನ್ನುವವರು ನಮ್ಮಲ್ಲಿ ಬಹಳ. ಅವರಿಗೆ ಇತಿಹಾಸವನ್ನು ನೆನಪಿಸಬೇಕಾಗುತ್ತದೆ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಸೇರಿದಾಗ ಸದಸ್ಯರಿಗಿದ್ದುದು ತಮ್ಮ ಸೀಮೆಯ ಕುಂದುಕೊರತೆಗಳನ್ನು ನಿವೇದಿಸುವ ಅವಕಾಶ ಮಾತ್ರ. ಬ್ರಿಟಿಷ್ ಇಂಡಿಯಾದ ಶಾಸನಸಭೆಗಳಲ್ಲಿ ಪ್ರಶ್ನೆ ಕೇಳುವ ಹಕ್ಕು ಬಂದುದು 1892ರಲ್ಲಿ; ಆ ಪ್ರಶ್ನೆಯ ಬೆನ್ನಿಗೆ ಉಪಪ್ರಶ್ನೆ ಕೇಳುವ ಹಕ್ಕು ಬಂದುದು 1909ರಲ್ಲಿ. ಸಚಿವಾಲಯದವರು ನಿಜವಾಗಿ ಅಂಜುವುದು ಈ ಉಪಪ್ರಶ್ನೆಗೇ. ಲೋಕಸಭೆಯಲ್ಲಿ ದಿನಕ್ಕೆ 20 ಪ್ರಶ್ನೆಗಳು ಮಾತ್ರ ಚುಕ್ಕೆ ಗುರುತಿನವು. ಅವುಗಳಲ್ಲಿಯೂ ಕೆಲವೇ ಮೌಖಿಕ ಉತ್ತರಕ್ಕೆ ಬರುತ್ತವೆ. ಬಂದಾಗ ಮಾತ್ರ ಅಧಿಕಾರಿಗಳ ಗ್ಯಾಲರಿಯಲ್ಲಿ ಕುಳಿತವರ ಎದೆ ಹೊಡೆದುಕೊಳ್ಳುತ್ತದೆ. ಸಚಿವರಿಗೆ ಚೀಟಿಗಳು ಹೋಗುತ್ತವೆ. ಇನ್ನೊಂದು ಸಾಧನವೂ ಇದೆ. 'ಮಾಹಿತಿ ಸಂಗ್ರಹಿಸಿ ಸದನದ ಮೇಜಿನ ಮೇಲೆ ಇಡಲಾಗುವುದು' ಎಂದು ಸಚಿವರು ಹೇಳಿದರೆ ಅದು ಭರವಸೆಯೆಂದು ದಾಖಲಾಗುತ್ತದೆ. ಮೂರು ತಿಂಗಳೊಳಗೆ ಅದನ್ನು ಈಡೇರಿಸಬೇಕು. ತಪ್ಪಿದರೆ ಕೇಳಲು 1953ರಿಂದ ಲೋಕಸಭೆಯ ಭರವಸೆಗಳ ಸಮಿತಿಯಿದೆ.

ಆದುದರಿಂದ ಪ್ರಶ್ನೆ ಹರಿತವಾಗಿರಬೇಕು. 'ಬಡರೋಗಿಗಳಿಗೆ ತೊಂದರೆಯಾಗುತ್ತಿರುವುದು ಸರಕಾರದ ಗಮನಕ್ಕೆ ಬಂದಿದೆಯೇ?' ಎಂದು ಕೇಳಿದರೆ ಯೋಜನೆಗಳ ಪಟ್ಟಿಯೊಂದು ಉತ್ತರವಾಗಿ ಬರುತ್ತದೆ. ಹಾಗಲ್ಲದೆ ಹೀಗೆ ಕೇಳಲಿ: ಕಳೆದ ವರ್ಷ ಕರ್ನಾಟಕದ ಎಷ್ಟು ಕಾರ್ಡುದಾರರು ಮಹಾರಾಷ್ಟ್ರ, ಗೋವಾ, ತೆಲಂಗಾಣ, ಕೇರಳ, ತಮಿಳುನಾಡುಗಳ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆದರು? ಎಷ್ಟು ಮಂದಿಯನ್ನು ತಿರುಗಿಸಿ ಕಳುಹಿಸಲಾಯಿತು, ಯಾವ ಕಾರಣದಿಂದ? ತಿರುಗಿ ಹೋದವರ ಹೆಸರು ಬರೆಯುವ ಪುಸ್ತಕವಿದೆಯೇ? ಇಲ್ಲವಾದರೆ ಎಂದು ಇಡಲಾಗುವುದು? ಪರಭಾಷೆಯ ಕಾರ್ಡನ್ನು ಓದುವ ವ್ಯವಸ್ಥೆ ಏನಿದೆ? ಯೋಜನೆ ಕೇಂದ್ರದ್ದು, ಹಣದಲ್ಲಿ ಕೇಂದ್ರದ ಪಾಲಿದೆ. 'ರಾಜ್ಯದ ವಿಷಯ' ಎಂಬ ಬಾಗಿಲು ಇಲ್ಲಿ ಪೂರ್ತಿ ಮುಚ್ಚಲಾರದು. 'ಮಾಹಿತಿ ಇಲ್ಲ' ಎಂದರೆ, ಇಲ್ಲವೆಂಬುದೇ ಸದನದ ದಾಖಲೆಯಾಗುತ್ತದೆ.

ಇಂಥ ಪ್ರಶ್ನೆಯನ್ನು ಸದಸ್ಯರ ಕೈಗೆ ಇಡಬೇಕಾದವರು ನಾವು. ಹೊರನಾಡ ಸಂಘಗಳು ರಾಜ್ಯೋತ್ಸವಕ್ಕೆ ಕರ್ನಾಟಕದ ಮಂತ್ರಿಗಳನ್ನೂ ಸಂಸದರನ್ನೂ ಕರೆಯುತ್ತವೆ; ಹಾರ ಹಾಕಿ, ಕಟ್ಟಡಕ್ಕೆ ಅನುದಾನ ಕೇಳುತ್ತವೆ. ಅನುದಾನವೂ ಬೇಕು, ತಪ್ಪಲ್ಲ. ಆದರೆ ಅದೇ ಊರಿನ ಕಟ್ಟಡಗಳ ಮೇಲೆ ಕಲ್ಲು ಹೊರುವ ಕನ್ನಡಿಗನು ಆ ಸಭೆಗೆ ಬಂದಿರುವುದಿಲ್ಲ. ಅವನ ಕಾಯಿಲೆಯ ಮಾತು ಮನವಿಪತ್ರದಲ್ಲಿ ಇರುವುದಿಲ್ಲ. ಪ್ರತಿ ಸಂಘವೂ ಒಂದು ನೋಟ್‌ಬುಕ್ ಇಡಲಿ. ಯಾವ ತಾರೀಖು, ಎಂಥ ಕಾಯಿಲೆ, ಯಾವ ಕಾರ್ಡು, ಏನು ಹೇಳಿ ಕಳುಹಿಸಿದರು ಎಂಬಷ್ಟನ್ನೇ ಬರೆದಿಡಲಿ. ವರ್ಷಕ್ಕೆರಡು ಬಾರಿ ಅದರ ಸಾರಾಂಶವನ್ನು ಕರ್ನಾಟಕದ ಸದಸ್ಯರಿಗೂ, ತಾವಿರುವ ಊರಿನ ಲೋಕಸಭಾ ಸದಸ್ಯರಿಗೂ ಕಳುಹಿಸಲಿ. ನಾವು ಇಲ್ಲಿಯ ಮತದಾರರು. ಅವರು ನಮ್ಮ ಪ್ರತಿನಿಧಿಗಳು.

ಅಂದು ಆಸ್ಪತ್ರೆಯಲ್ಲಿ ನಾನು ಮರಾಠಿಯಲ್ಲಿ ಬರೆದುಕೊಟ್ಟ ಹಾಳೆ ಎಲ್ಲಿ ಹೋಯಿತೋ ತಿಳಿಯದು. ಅದರ ಒಂದು ಪ್ರತಿಯನ್ನು ತೆಗೆದಿಟ್ಟುಕೊಳ್ಳಬೇಕೆಂಬ ಬುದ್ಧಿ ನನಗೆ ಅಂದು ಹೊಳೆಯಲಿಲ್ಲ. ದಿನವೆಲ್ಲ ಕಡತ ಬರೆಯುವ ನಾನು, ಬರೆದಿಡಬೇಕಾಗಿದ್ದ ಆ ಒಂದನ್ನು ಬರೆದಿಡಲಿಲ್ಲ.